ಐದಕ್ಕೊಂದು ಚುಕ್ಕಿ, ಎಂಟಕ್ಕೆರಡು

ಕಡೂರಿನ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಬಾಗಿಲಲ್ಲೇ ನಿಂತು ಒಳಗೆ ಇಣುಕಿ ಕೇಳುತ್ತಾರೆ, "ಗಂಡಸ್ರು ಯಾರೂ ಇಲ್ವೇನಮ್ಮಾ?" ಇಲ್ಲ ಕಣಪ್ಪಾ, ಯಾರೂ ಇಲ್ಲ. ಕಂಪ್ಯೂಟರ್ ಬಿಚ್ಚುವವಳು ನಾನೇ, ಯುಪಿಎಸ್ ಬ್ಯಾಟರಿ ಹೊರುವವಳು ನಾನೇ, ಕೆಟ್ಟಿದ್ದನ್ನು ಕೆಟ್ಟಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವವಳೂ ನಾನೇ. ಈ ಬಾಯಿಂದಾಗಿ ಗಿರಾಕಿಗಳು ಕಮ್ಮಿಯಾದರು ಅಂತ ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಹೇಳಲಿ.

ಈಗ ಬರುವ ಕೀಬೋರ್ಡುಗಳ ಬಗ್ಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡಿಯ ಮೇಲೆ ಕೂರುವ ಟೋಪಿ ಇರುತ್ತದಲ್ಲ, ನಾವು ಕ್ಯಾಪ್ ಅನ್ನುತ್ತೇವೆ, ಅದನ್ನು ಎಬ್ಬಿಸಿ ಬೆಳಕಿಗೆ ಹಿಡಿದರೆ ಆಚೆಯದು ಕಾಣಬೇಕು, ಅಷ್ಟು ತೆಳು. ನಾಲ್ಕು ತಿಂಗಳು ಬಳಸಿದರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಬೆರಳು ಜಾರುತ್ತದೆ. ಅಕ್ಷರ ಅಂತೂ ಮೇಲೆ ಬಳಿದದ್ದು. ಮೊದಲು ಎ ಹೋಗುತ್ತದೆ, ಆಮೇಲೆ ಎಸ್ ಹೋಗುತ್ತದೆ, ಆಮೇಲೆ ಕೀಬೋರ್ಡೇ ಹೋಗುತ್ತದೆ. ಹಳೆಯವು ಹಾಗಲ್ಲ. ಅವುಗಳ ಕ್ಯಾಪು ತೆಂಗಿನ ಕರಟದಷ್ಟು ದಪ್ಪ. ಮುಟ್ಟಿದರೆ ಸಣ್ಣ ರವೆಯ ಹಾಗೆ ತರಿತರಿ. ಅಕ್ಷರದ ಬಣ್ಣ ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದಿರುತ್ತದೆ, ಉಜ್ಜಿದರೂ ಹೋಗದು. ಕೆಳಗೆ ಒಂದೊಂದು ಗುಂಡಿಗೂ ಒಂದೊಂದು ಸ್ಪ್ರಿಂಗು. ಒತ್ತಿದರೆ ಟಕ್ ಅನ್ನುತ್ತದೆ, ಬಿಟ್ಟರೆ ಇನ್ನೊಂದು ಟಕ್. ಪಕ್ಕದ ಮನೆಯವರಿಗೂ ಗೊತ್ತಾಗಬೇಕು ಇಲ್ಲೊಬ್ಬರು ಕೆಲಸ ಮಾಡುತ್ತಿದ್ದಾರೆ ಅಂತ.

ಅಂಥದೊಂದು ಕೀಬೋರ್ಡ್ ನನಗೆ ಸಿಕ್ಕಿದ್ದು ಕಡೂರಿನ ಗುಜರಿ ಅಂಗಡಿಯಲ್ಲಿ, ಒಡೆದ ಫ್ಯಾನು, ತುಕ್ಕು ಹಿಡಿದ ಪಂಪ್‌ಸೆಟ್ ಬಿಡಿಭಾಗಗಳ ಕೆಳಗೆ. ಯಾವುದೋ ಕಚೇರಿಯವರು ಹಳೇ ಸಾಮಾನೆಲ್ಲ ಒಟ್ಟಿಗೆ ತೂಕಕ್ಕೆ ಹಾಕಿದ್ದರು. ಬಣ್ಣ ಹಳದಿಗೆ ತಿರುಗಿತ್ತು. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಕ್ಯಾಪುಗಳನ್ನೆಲ್ಲ ಬಿಚ್ಚಿ, ಸೀಗೆಪುಡಿ ಹಾಕಿ ತೊಳೆದು, ನೆರಳಲ್ಲಿ ಆರಿಸಿ, ಹಳೆಯ ಗುಂಡು ಪಿನ್ನು ಕತ್ತರಿಸಿ, ಹಳೇ ಸಿಗ್ನಲ್ಲನ್ನು ಹೊಸದಕ್ಕೆ ಬದಲಿಸುವ ಸಣ್ಣ ಬೋರ್ಡೊಂದನ್ನು ನಡುವೆ ಕೂರಿಸಿ, ಈಗಿನ ಯುಎಸ್‌ಬಿ ಪಿನ್ನು ಹಾಕಿದೆ. ತರೀಕೆರೆಯಲ್ಲಿದ್ದ ನನ್ನ ಅಕ್ಕನಿಗೆ ಅಂತಲೇ ಮಾಡಿದ್ದು.

ಅಕ್ಕ ನನಗಿಂತ ದೊಡ್ಡವಳು, ನನ್ನ ಹಾಗೆ ಬಾಯಿಬಡುಕಿ ಅಲ್ಲ. ನಾವಿಬ್ಬರೂ ಅಜ್ಜಂಪುರದವರು, ಅಪ್ಪನದು ಈರುಳ್ಳಿ ವ್ಯಾಪಾರ. ಶಾಲೆ ಮುಗಿದ ಮೇಲೆ ನಮ್ಮನ್ನು ಟೈಪಿಂಗಿಗೆ ಹಾಕಿದರು. ಮೇಷ್ಟ್ರು ಕೈ ಮೇಲೆ ಟವಲ್ ಹೊದಿಸಿ, ನೋಡದೆ ಹೊಡೀರಿ ಅನ್ನುತ್ತಿದ್ದರು. ನಾನು ಟವಲ್ ಸರಿಸಿ ನೋಡುತ್ತಿದ್ದೆ, ಅಕ್ಕ ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತಿದ್ದಳು. ಮದುವೆಯಾಗಿ ತರೀಕೆರೆಗೆ ಹೋದಳು. ಭಾವನದು ಕೋರ್ಟಿನ ಎದುರು ಟೈಪಿಂಗ್ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು ಎಲ್ಲ ಅಲ್ಲೇ. ವಕೀಲರು ಹೇಳುತ್ತ ಹೋದರೆ ಅಕ್ಕ ಹೊಡೆಯುತ್ತ ಹೋಗುವಳು, ಅವರು ಬಾಯಿ ಮುಚ್ಚುವಷ್ಟರಲ್ಲಿ ಇವಳ ಸಾಲು ಮುಗಿದಿರುತ್ತಿತ್ತು. "ಅಮ್ಮನೋರು ಕೂತಿದ್ರೆ ನಾಳೆ ಅನ್ನೋ ಮಾತೇ ಇಲ್ಲ" ಅಂತ ವಕೀಲರೊಬ್ಬರು ನನ್ನ ಮುಂದೆಯೇ ಹೇಳಿದ್ದರು.

ಭಾವ ತೀರಿಕೊಂಡಾಗ ಅಂಗಡಿಯ ಮಾತು ಬಂತು. ಆ ಮನೆಯವರ ವ್ಯವಹಾರವೆಲ್ಲ ಮಠದ ಹಿರಿಯರ ಮುಂದೆಯೇ ತೀರ್ಮಾನವಾಗುವುದು. ಅಂಗಡಿಯನ್ನು ಮೈದುನ ನೋಡಿಕೊಳ್ಳಲಿ, ಆದರೆ ಒಳಗಿನ ಆ ಕುರ್ಚಿ ಅತ್ತಿಗೆಯದು, ಅವಳಾಗಿ ಏಳುವವರೆಗೂ ಯಾರೂ ಎಬ್ಬಿಸಕೂಡದು ಅಂತ ಹಿರಿಯರು ಹೇಳಿದರು. ಮೈದುನ ಹೂಂ ಅಂದ. ಮಕ್ಕಳಿಲ್ಲದ ಅಕ್ಕನಿಗೆ ಆ ಮನೆಯಲ್ಲಿ ತನ್ನದು ಅಂತ ಇದ್ದದ್ದು ಆ ಕುರ್ಚಿ ಒಂದೇ. ಕುರ್ಚಿ ಇರುವವರೆಗೆ ದುಡಿಯುವವಳು, ಹೋದ ದಿನ ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುವವಳು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಅವಳ ಕಣ್ಣು ಹೋಗತೊಡಗಿತು. ಶಿವಮೊಗ್ಗದ ಡಾಕ್ಟರು ಗ್ಲಾಕೋಮಾ ಅಂದರು, ಹೋದದ್ದು ವಾಪಸ್ ಬರಲ್ಲ ಅಂದರು. ಬಸ್ಸಿನಲ್ಲಿ ಬರುವಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು.

"ಅಂಗ್ಡೀಲಿ ಯಾರಿಗೂ ಹೇಳ್ಬೇಡ ಕಣೇ. ಅಕ್ಷರಕ್ಕೆ ನಂಗೆ ಕಣ್ ಬ್ಯಾಡ. ನಂಬರ್ದೇ ಯೋಚ್ನೆ."

ನಿಜ. ಅಕ್ಷರದ ಸಾಲುಗಳನ್ನು ಬೆರಳೇ ಬಲ್ಲದು, ಎಫ್ ಮತ್ತು ಜೆ ಮೇಲೆ ಉಬ್ಬುಗೆರೆ ಇರುತ್ತದೆ. ಅಂಕಿಗಳ ಸಾಲು ಮಾತ್ರ ಮೇಲೆ ದೂರದಲ್ಲಿ. ಕಣ್ಣಿದ್ದವರೂ ಅಲ್ಲಿ ಒಮ್ಮೆ ನೋಡಿಯೇ ಒತ್ತುತ್ತಾರೆ. ಜಮೀನಿನ ಕಾಗದದಲ್ಲಿ ಮಿಕ್ಕ ಯಾವ ತಪ್ಪಾದರೂ ನಡೆದೀತು, ಸರ್ವೆ ನಂಬರ್ ತಪ್ಪಾದರೆ ಅಮೃತಾಪುರದವನ ಹೊಲ ಇನ್ಯಾರದೋ ಹೆಸರಿಗೆ ಹೋಗಿ ಕೂರುತ್ತದೆ. ಅಂಥದೊಂದು ತಪ್ಪು ಸಾಕಿತ್ತು ಅಕ್ಕ ಕುರ್ಚಿ ಬಿಡಲಿಕ್ಕೆ.

ಅದಕ್ಕೇ ನಾನು ಆ ಕೀಬೋರ್ಡಿನ ಬೆನ್ನು ಹತ್ತಿದ್ದು. ಎಲ್ಲ ಗುಂಡಿಗೂ ಗುರುತು ಬೇಕಿರಲಿಲ್ಲ. ಐದರ ಮೇಲೆ ಒಂದು ಚುಕ್ಕಿ, ಎಂಟರ ಮೇಲೆ ಎರಡು ಚುಕ್ಕಿ ಇದ್ದರೆ ಮಿಕ್ಕವು ಅವುಗಳ ಅಕ್ಕಪಕ್ಕದಲ್ಲೇ ಸಿಗುತ್ತವೆ. ಮೊದಲು ಹಣೆಗಿಡುವ ಸ್ಟಿಕ್ಕರ್ ಅಂಟಿಸಿದೆವು. ಭಾವ ಹೋದ ಮೇಲೆ ಅಕ್ಕ ವಿಭೂತಿಯನ್ನಷ್ಟೇ ಇಡುತ್ತಿದ್ದಳು, ಬೀರುವಿನಲ್ಲಿ ಸ್ಟಿಕ್ಕರ್ ಪ್ಯಾಕೆಟ್ ಹಾಗೇ ಉಳಿದಿದ್ದವು. "ನಂಗಿಲ್ದಿದ್ರೆ ಇದ್ಕಾದ್ರೂ ಇರ್ಲಿ ಬಿಡು" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಬೇಸಿಗೆಗೆ ಗೋಂದು ಕರಗಿ, ಒಂದು ಕೆಂಪು ಸ್ಟಿಕ್ಕರ್ ಅವಳ ಬೆರಳಿಗೆ ಬಂದು, ಬೆರಳಿಂದ ಕೆನ್ನೆಗೆ ಅಂಟಿ, ಪಾಪ, ವಕೀಲರ ಮುಂದೆ ಹಾಗೇ ಕೂತಿದ್ದಳಂತೆ. ಆಮೇಲೆ ಉಗುರುಬಣ್ಣದ ಹನಿ ಇಟ್ಟು ನೋಡಿದೆ. ಆ ತರಿತರಿ ಪ್ಲಾಸ್ಟಿಕ್ಕಿನ ಮೇಲೆ ಅದು ಪೊರೆಯಾಗಿ ಎದ್ದು ಬಂತು.

ಕೊನೆಗೆ ತಾಮ್ರಕ್ಕೆ ಬಂದೆ. ನನ್ನ ಅಂಗಡಿಯ ಪಕ್ಕ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನಿದ್ದಾನೆ. ಅವನಲ್ಲಿ ಗಟ್ಟಿ ತಾಮ್ರದ ತಂತಿಯ ತುಂಡು ಇಸಿದುಕೊಂಡೆ. ಕ್ಯಾಪಿನ ನೆತ್ತಿಯಲ್ಲಿ ಕೈ ಡ್ರಿಲ್ಲಿನಿಂದ ಅರ್ಧ ದಪ್ಪದವರೆಗೆ ತೂತು ಕೊರೆದು, ಅಂಟು ಹಾಕಿ, ತಂತಿ ಕೂರಿಸಿ, ಬೆರಳಿಗೆ ತಿಳಿಯುವಷ್ಟು ಮಾತ್ರ ಮೇಲೆ ಬಿಟ್ಟು ಅರದಿಂದ ನುಣ್ಣಗೆ ಮಾಡಿದೆ. ಈಗಿನ ಕ್ಯಾಪಾಗಿದ್ದರೆ ಡ್ರಿಲ್ಲಿನ ಮೊನೆ ತಗುಲಿದ ಕೂಡಲೇ ಸೀಳಿ ಎರಡಾಗುತ್ತಿತ್ತು. ಇದು ಮಿಸುಕಲಿಲ್ಲ. ಅಕ್ಕ ಬೆರಳಾಡಿಸಿ ನೋಡಿ, ನಮ್ಮ ಅಜ್ಜಂಪುರದ ಮನೆ ಜಮೀನಿನ ಸರ್ವೆ ನಂಬರ್ ಹೊಡೆದು ತೋರಿಸಿದಳು. ಸರಿಯಾಗಿತ್ತು.

ಚಿಕ್ಕಮಗಳೂರಿನಿಂದ ಒಬ್ಬ ಪುಣ್ಯಾತ್ಮ ನನ್ನ ಅಂಗಡಿಗೆ ಬಂದಿದ್ದ, ಹಳೇ ಕೀಬೋರ್ಡ್ ಇದ್ದರೆ ಕೊಡಿ ಅಂತ. ಫೋನಿನಲ್ಲಿ ಅಕ್ಕನ ಕೀಬೋರ್ಡಿನ ಫೋಟೋ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ ಮೇಡಂ, ಒರಿಜಿನಲ್ ಕ್ಯಾಪಿಗೆ ತೂತು ಹೊಡ್ದಿದೀರಲ್ರೀ! ಇದ್ರ ಸೌಂಡ್ ಕೇಳೋಕೇ ಜನ ಕಾಯ್ತಾರೆ ಗೊತ್ತಾ?" ಅಂದ. ಸದ್ದು ಕೇಳೋಕೆ ತಮಟೆ ತಗೊಂಡು ಹೋಗಪ್ಪಾ ಅಂದೆ. ಅವನು ಮತ್ತೆ ಬರಲಿಲ್ಲ.

ಹೀಗೇ ನಡೆಯಿತು. ಮೈದುನ ಇನ್ನೊಂದು ಕಂಪ್ಯೂಟರ್ ತಂದು ಎದುರು ಮೂಲೆಯಲ್ಲಿಟ್ಟು ಹೆಂಡತಿಯನ್ನು ಕೂರಿಸಿದ. ಅಕ್ಕನ ವಾರಗಿತ್ತಿ ಕೆಟ್ಟವಳಲ್ಲ, ಕಂಪ್ಯೂಟರ್ ಕೋರ್ಸು ಮಾಡಿದವಳು. ಅವಳದು ಸದ್ದಿಲ್ಲದ ತೆಳು ಕೀಬೋರ್ಡು. ನಾನು ಹಬ್ಬಹರಿದಿನಕ್ಕೆ ತರೀಕೆರೆಗೆ ಹೋದಾಗ ಅಂಗಡಿಯ ಮೆಟ್ಟಿಲಲ್ಲೇ ಅಕ್ಕನ ಟಕಟಕ ಕೇಳಿಸುತ್ತಿತ್ತು. ಅದು ಕೇಳಿಸಿದರೆ ಸಾಕು, ನನಗೆ ಎದೆ ಹಗುರಾಗುತ್ತಿತ್ತು. ಮೇಜಿನ ಕೆಳಗೆ ಬಗ್ಗಿ ನೋಡುವ ಪ್ರಮೇಯವೇ ಬರಲಿಲ್ಲ. ಅದು ಕೆಡುವ ಜಾತಿಯ ಸಾಮಾನಲ್ಲ.

ಹೋದ ಆಯುಧಪೂಜೆಯ ಸಂಜೆ ಅಕ್ಕನ ಫೋನ್ ಬಂತು. ದನಿ ತಗ್ಗಿಸಿದ್ದಳು.

"ಲೇ, ಚುಕ್ಕಿ ಹೋಗ್ಬಿಟ್ಟಿವೆ ಕಣೇ. ಡ್ರಿಲ್ ತಗೊಂಡ್ ಬಾ. ನಂಬರ್ ತಪ್ಪಾಗುತ್ತೆ."

ಆದದ್ದು ಇಷ್ಟು. ಪೂಜೆಗೆ ಅಂಗಡಿಯ ಸಾಮಾನೆಲ್ಲ ತೊಳೆಯುವಾಗ ವಾರಗಿತ್ತಿ ಅಕ್ಕನ ಕೀಬೋರ್ಡಿನ ಕ್ಯಾಪುಗಳನ್ನೂ ಕಿತ್ತು ಬಟ್ಟಲಿಗೆ ಹಾಕಿದ್ದಾಳೆ. ಬೆರಳಿನ ಬೆವರಿಗೆ ತಾಮ್ರ ಹಸಿರುಗಟ್ಟಿತ್ತು. ತಾಮ್ರದ ಚೊಂಬಿಗೆ ಮಾಡುವ ಹಾಗೆ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಹಾಕಿ ತಿಕ್ಕಿದ್ದಾಳೆ. ಕಿಲುಬು ಹೋಗಿ ಚುಕ್ಕಿ ಕೆಂಪಗೆ ಎದ್ದು ಕಂಡಿದೆ. ಕೈಗೆ ಚುಚ್ಚುತ್ತದಲ್ಲ ಪಾಪ ಅಕ್ಕನಿಗೆ ಅಂತ, ಎಮರಿ ಪೇಪರ್ ತಂದು ಸಮ ಮಾಡಿಬಿಟ್ಟಿದ್ದಾಳೆ. ಆಮೇಲೆ ಒಂದೊಂದನ್ನೂ ಅದರದರ ಜಾಗಕ್ಕೆ ಕೂರಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, "ನೋಡಿ ಅಕ್ಕಾ, ಹೊಸದ್ರ ಥರ ಮಾಡಿದೀನಿ" ಅಂದಳಂತೆ. ಅಕ್ಕ ಬೆರಳಾಡಿಸಿ, "ಚೆನ್ನಾಗಿದೆ ಕಣಮ್ಮಾ" ಅಂದಳಂತೆ. ಇನ್ನೇನು ಅಂದಾಳು?

ವಿಜಯದಶಮಿ ಕಳೆದ ಮಾರನೇ ದಿನ ಡ್ರಿಲ್ಲು, ತಂತಿ, ಅಂಟು ಚೀಲಕ್ಕೆ ಹಾಕಿಕೊಂಡು ತರೀಕೆರೆ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಊಟದ ಹೊತ್ತು, ಅಕ್ಕ ಒಬ್ಬಳೇ ಇದ್ದಳು. ಕ್ಯಾಪುಗಳಿಗೆ ಹೊಸ ತಾಮ್ರ ಕೂರಿಸಿದೆ, ಈ ಸಲ ಮೇಲೆ ವಾರ್ನಿಷ್ ಕೂಡ ಕೊಟ್ಟೆ, ಕಿಲುಬು ಕಟ್ಟಬಾರದು ಅಂತ. ಹೇಗೂ ಬಂದಿದ್ದೇನೆ, ವೈರನ್ನೂ ಒಮ್ಮೆ ನೋಡೋಣ ಅಂತ ಮೇಜಿನ ಕೆಳಗೆ ತೂರಿದೆ.

ವೈರು ಸುರುಳಿ ಸುತ್ತಿ, ರಬ್ಬರ್‌ಬ್ಯಾಂಡ್ ಹಾಕಿ, ಮೇಜಿನ ಕಾಲಿಗೆ ಒರಗಿಸಿ ಇಡಲಾಗಿತ್ತು. ಪಿನ್ನು ಯಾವುದಕ್ಕೂ ಚುಚ್ಚಿರಲಿಲ್ಲ. ರಬ್ಬರ್‌ಬ್ಯಾಂಡ್ ಮುಟ್ಟಿದ ಕೂಡಲೇ ಒಣಗಿದ ಹುಲ್ಲಿನ ಹಾಗೆ ಪುಡಿಯಾಯಿತು. ನಿನ್ನೆ ಮೊನ್ನೆ ಹಾಕಿದ್ದಲ್ಲ ಅದು. ತಲೆಯ ಮೇಲೆ ಅಕ್ಕ ಹೊಸ ಚುಕ್ಕಿಗಳನ್ನು ಪರೀಕ್ಷೆ ಮಾಡುತ್ತ ಟಕಟಕ ಅಂತ ಹೊಡೆಯುತ್ತಲೇ ಇದ್ದಳು. ಸ್ಪ್ರಿಂಗಿನ ಸದ್ದಿಗೆ ಕರೆಂಟು ಬೇಕಾಗಿಲ್ಲವಲ್ಲ.

"ಸರಿ ಇದೆಯೇನೇ?" ಅಂದಳು ಮೇಲಿನಿಂದ.

"ಹ್ಞೂಂ, ಸರಿ ಇದೆ" ಅಂದೆ. ಪಿನ್ನನ್ನು ಕಂಪ್ಯೂಟರಿಗೆ ಚುಚ್ಚಿ ಎದ್ದೆ.

ಮೈದುನ ಊಟ ಮುಗಿಸಿ ಬರುತ್ತಿದ್ದವನನ್ನು ಟೀ ಅಂಗಡಿಯ ಹತ್ತಿರವೇ ಹಿಡಿದೆ. ಏನ್ರೀ ಇದು ಅನಾಚಾರ ಅಂದೆ. ಅವನು ನಾಟಕ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ಇನ್ನೂ ನಾಲ್ಕು ಬಯ್ಯಬಹುದಿತ್ತು.

"ಮೆಲ್ಲಗೆ ಮಾತಾಡಮ್ಮಾ. ಅತ್ತಿಗೆಗೆ ಕಣ್ ಕಾಣಲ್ಲ ಅಂತ ನಂಗೊತ್ತಿಲ್ವಾ? ಒಂದೇ ಮನೇಲಿದೀವಿ. ತಟ್ಟೇಲಿರೋ ಮುದ್ದೆನ ಕೈಯಲ್ಲಿ ಹುಡುಕ್ತಾರೆ."

"ಕೆಲ್ಸದಲ್ಲಿ ಒಂದಾದ್ರೂ ತಪ್ಪು ಮಾಡಿದ್ಲಾ, ಅದ್ ಹೇಳಿ."

"ಇಲ್ಲ. ಮಾಡೋತನಕ ಕಾಯ್ಬೇಕಿತ್ತಾ? ವಕೀಲ್ರು ಅತ್ತಿಗೆಗೆ ಹೇಳ್ತಾರೆ, ಆ ಮೂಲೇಲಿ ನಮ್ಮನೆಯವಳು ಹೊಡ್ಕೊಂತಾಳೆ, ಪ್ರಿಂಟ್ ಕೊಡ್ತಾಳೆ. ಯಾರಿಗೂ ನೋವಿಲ್ಲ. ಮಠದಲ್ಲಿ ಏನಂದ್ರು? ಕುರ್ಚಿ ಅಂದ್ರು. ಕುರ್ಚಿ ಕೊಟ್ಟಿದೀನಿ. ಎಬ್ಸಿದೀನಾ ಹೇಳು?"

ನಾನು ಅಂಗಡಿಯ ಕಡೆ ಕೈ ತೋರಿಸಿದೆ. "ನಡೀರಿ ಒಳಗೆ. ಯಾವುದಾದ್ರೂ ಹಳೇ ಕ್ರಯಪತ್ರ ತಗೊಂಡು ನೀವೇ ಓದಿ. ಅವಳು ಹೊಡೀತಾಳೆ. ನೋಡೇಬಿಡಾಣ."

ಬಂದ, ಇಲ್ಲ ಅನ್ನಲಿಲ್ಲ. ನಾನು ಅಕ್ಕನ ಕಂಪ್ಯೂಟರಿನಲ್ಲಿ ಹಾಳೆ ತೆಗೆದುಕೊಟ್ಟೆ. "ಇದೇನಿವತ್ತು, ನೀವೇ ಹೇಳ್ತೀರಾ?" ಅಂತ ಅಕ್ಕ ಮೈದುನನನ್ನು ಕೇಳಿದಳು. ಅವನು ಓದತೊಡಗಿದ. ಬೇಕಂತಲೇ ಬೇಗ ಬೇಗ ಓದಿದ. ಸರ್ವೆ ನಂಬರು, ಎಕರೆ, ಗುಂಟೆ, ನಾಲ್ಕೂ ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿ, ಅಕ್ಕಪಕ್ಕದವರ ಸರ್ವೆ ನಂಬರು. ಅಕ್ಕನ ಬೆನ್ನು ನೆಟ್ಟಗಿತ್ತು. ಕೈ ಮೇಲಿನ ಸಾಲಿಗೆ ಹೋಗುವುದು, ಚುಕ್ಕಿ ಮುಟ್ಟುವುದು, ಇಳಿಯುವುದು, ಇಷ್ಟೇ. ಅವನು ನಿಲ್ಲಿಸಿದಾಗ ಅವಳೂ ನಿಲ್ಲಿಸಿದಳು. ಅಷ್ಟರಲ್ಲಿ ಊಟ ಮುಗಿಸಿ ಬಂದಿದ್ದ ವಾರಗಿತ್ತಿ ತನ್ನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ನಾನೇ ಪ್ರಿಂಟ್ ತೆಗೆದು ಅವನ ಕೈಗೆ ಕೊಟ್ಟೆ. ತುಟಿ ಆಡಿಸುತ್ತ ಎರಡೆರಡು ಸಲ ಓದಿದ. ಮೂಲದ ಪಕ್ಕ ಇಟ್ಟು ಅಂಕಿಗಳ ಮೇಲೆ ಬೆರಳಿಟ್ಟು ಹೋಲಿಸಿದ. ನನ್ನನ್ನು ಬಾಗಿಲಾಚೆ ಕರೆದು ಹೇಳಿದ, "ತಪ್ಪಿಲ್ಲ."

"ಮತ್ತೆ?"

"ಮತ್ತೇನೂ ಇಲ್ಲಮ್ಮಾ. ಕಣ್ಣಿಲ್ದೋರು ಟೈಪ್ ಮಾಡಿದ್ ಕಾಗ್ದ ಅಂತ ಗೊತ್ತಾದ್ರೆ ಯಾವ ಪಾರ್ಟಿ ಸೈನ್ ಹಾಕ್ತಾನೆ? ತಪ್ಪಿಲ್ಲ ಅಂತ ನಾನು ಒಬ್ಬೊಬ್ರಿಗೂ ಹೇಳ್ಕೊಂಡ್ ಕೂರ್ಲಾ?"

ಆ ಹಾಳೆಯನ್ನು ಮಡಚಿ ರದ್ದಿ ಕಾಗದದ ಕಟ್ಟಿನ ಮೇಲಿಟ್ಟ. ಹಿಂಬದಿ ಖಾಲಿ ಇದೆ, ಬರೆಯಲಿಕ್ಕೆ ಬರುತ್ತದೆ ಅಂತ ಇರಬೇಕು. ಅವನು ದುಷ್ಟನಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ವೈರ್ ತೆಗೆದೀರಿ ಜೋಕೆ ಅಂತ ಹೇಳಿ ಬಂದೆ. ಅಕ್ಕನಿಗೆ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಬೀರೂರು ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಅಷ್ಟು ದಪ್ಪ ಕ್ಯಾಪು, ಅಷ್ಟು ಸರಿಯಾದ ತೂತು, ಅಷ್ಟು ಸಮನಾದ ಚುಕ್ಕಿ. ನನ್ನ ಕೈಯಲ್ಲಾದ ಅತ್ಯಂತ ಒಳ್ಳೆಯ ಕೆಲಸ ಅದು. ಒಂದು ಮೋಸದ ಆಟದ ಸಾಮಾನಾಗಿ ಕೂತಿತ್ತು.

ದೀಪಾವಳಿಗೆ ಮತ್ತೆ ಹೋದೆ. ಮೆಟ್ಟಿಲಲ್ಲೇ ಟಕಟಕ ಕೇಳಿಸಿತು. ಈ ಸಲ ಎದೆ ಹಗುರಾಗಲಿಲ್ಲ. ಒಳಗೆ ಅಕ್ಕ ಒಬ್ಬಳೇ ಇದ್ದಳು, ಕೈ ಪಳಗಲಿ ಅಂತ ಏನೋ ಹೊಡೆಯುತ್ತಿದ್ದಳು. ಮೈದುನ, ವಾರಗಿತ್ತಿ ಹಬ್ಬದ ಸಾಮಾನಿಗೆ ಹೋಗಿದ್ದರು. ಚಪ್ಪಲಿ ಬಿಟ್ಟವಳೇ ಮೇಜಿನ ಕೆಳಗೆ ಬಗ್ಗಿದೆ. ವೈರು ಮತ್ತೆ ಸುರುಳಿ ಸುತ್ತಿತ್ತು. ಹಸಿರು ಬಣ್ಣದ ಹೊಸ ರಬ್ಬರ್‌ಬ್ಯಾಂಡು.

"ಇವನ ಮನೆ ಹಾಳಾಗ" ಅಂತ ಪಿನ್ನಿಗೆ ಕೈ ಹಾಕಿದೆ. ಅಕ್ಕನ ಪಾದ ಮೆಲ್ಲಗೆ ಬಂದು ನನ್ನ ಮುಂಗೈ ಮೇಲೆ ನಿಂತಿತು.

"ಬಿಡೇ. ನೀನ್ ಹೋದ್ಮೇಲೆ ಮತ್ತೆ ಕೀಳ್ತಾನೆ. ಪಾಪ, ವಯಸ್ಸಾದೋನು, ಬಗ್ಗಿ ಬಗ್ಗಿ ಅವನ ಸೊಂಟ ಯಾಕ್ ಹೋಗ್ಬೇಕು."

ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. "ನಿಂಗೊತ್ತಿತ್ತೇನೇ?"

"ಕಣ್ ಹೋಗಿದೆ ಕಣೇ, ಕಿವಿ ಹೋಗಿಲ್ಲ. ನಾನ್ ನಿಲ್ಸಿದ್ಮೇಲೂ ಆ ಮೂಲೇಲಿ ಅವಳ್ದು ಪಿಟಿಪಿಟಿ ಒಂದ್ ಸಾಲು ನಡೀತಿರುತ್ತೆ. ನನ್ನಷ್ಟು ಸ್ಪೀಡ್ ಇಲ್ಲ ಅವಳ್ಗೆ. ಅದು ನಿಂತ ಮೇಲೆ ಪ್ರಿಂಟರು. ಯಾರ ಹಾಳೆ ಅದು ಅಂತ ತಿಳಿಯಲ್ವಾ?"

"ಮತ್ತೆ ಹಬ್ಬದ ದಿನ ಫೋನ್ ಮಾಡಿ ನನ್ನ ಯಾಕ್ ಕರ್ಸ್ದೆ? ಚುಕ್ಕಿ ಹೋಗಿವೆ, ನಂಬರ್ ತಪ್ಪಾಗುತ್ತೆ ಅಂತ ಯಾಕಂದೆ?" ನನ್ನ ದನಿ ಜೋರಾಗಿತ್ತು. "ಯಾವನ್ ನೋಡ್ತಾನೆ ನಿನ್ ನಂಬರ?"

ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು, ಯಾರೋ ವಕೀಲರು. ಅಕ್ಕ ಪಾದ ಹಿಂದಕ್ಕೆ ತೆಗೆದುಕೊಂಡು, ಸೆರಗು ಸರಿ ಮಾಡಿಕೊಂಡು, ಬೆರಳುಗಳನ್ನು ಗುಂಡಿಗಳ ಮೇಲಿಟ್ಟಳು.

"ವೈರಿಲ್ಲ ಅಂತ ಸರ್ವೆ ನಂಬರ್ ತಪ್ಪು ಹೊಡೀಲೇನೇ?" ಅಂದಳು.

ವಕೀಲರು ಬಂದು ಕೂತರು. ವಾರಗಿತ್ತಿಯೂ ಓಡೋಡಿ ಬಂದು ತನ್ನ ಮೂಲೆ ಸೇರಿದಳು. ಅವರು ಹೇಳತೊಡಗಿದರು, ಅಕ್ಕ ಹೊಡೆಯತೊಡಗಿದಳು. ನಾನು ಆ ಪಿನ್ನನ್ನು ಕೈಯಲ್ಲಿ ಹಿಡಿದುಕೊಂಡು ಮೇಜಿನ ಕೆಳಗೇ ಕೂತಿದ್ದೆ.